ಯಾವ ಬಾಬ್ತಿನ ಮೂವತ್ತು ಪರ್ಸೆಂಟ್?

2024ರ ಜನವರಿ 16ರಂದು ಅಮೆರಿಕದ ಸುಪ್ರೀಂ ಕೋರ್ಟ್, ಆ್ಯಪಲ್ ಮತ್ತು ಗೇಮ್ ತಯಾರಿಸುವ ಎಪಿಕ್ ಗೇಮ್ಸ್ ಕಂಪನಿಗಳ ಮೇಲ್ಮನವಿಗಳನ್ನು ವಿಚಾರಣೆಗೆ ತೆಗೆದುಕೊಳ್ಳಲು ಒಪ್ಪಲಿಲ್ಲ. ಹಾಗಾಗಿ ಕೆಳಗಿನ ಕೋರ್ಟು 2021ರಲ್ಲಿ ಕೊಟ್ಟಿದ್ದ ಆದೇಶ ಊರ್ಜಿತವಾಯಿತು. ‘ಇದೇ ಚಂದಾ ನಮ್ಮ ವೆಬ್‌ಸೈಟಿನಲ್ಲಿ ಅಗ್ಗ’ ಎಂದು ಆ್ಯಪ್‌ನೊಳಗೆ ಬರೆದು ಲಿಂಕ್ ಕೊಡುವ ಡೆವಲಪರ್‌ಗಳನ್ನು ಆ್ಯಪಲ್ ಇನ್ನು ತಡೆಯುವಂತಿರಲಿಲ್ಲ. ಕಂಪನಿ ಅದೇ ದಿನ ಹೊಸ ನಿಯಮ ಹೊರಡಿಸಿತು. ಲಿಂಕ್ ಕೊಡಿ, ಅಡ್ಡಿಯಿಲ್ಲ. ಆದರೆ ಅದನ್ನು ಒತ್ತಿ ಹೊರಗೆ ಹೋದ ಗ್ರಾಹಕ ಏಳು ದಿನದೊಳಗೆ ಏನಾದರೂ ಕೊಂಡರೆ ಅದರಲ್ಲಿ 27 ಪರ್ಸೆಂಟ್ ನಮಗೆ ಕಟ್ಟಿ. ಆ್ಯಪ್‌ನೊಳಗೇ ಕೊಂಡಿದ್ದರೆ 30 ಪರ್ಸೆಂಟ್ ಆಗುತ್ತಿತ್ತು. ಹೊರಗಿನ ಪಾವತಿ ಕಂಪನಿಗೆ ಕಾರ್ಡ್ ಶುಲ್ಕವೆಂದು ಮೂರರ ಆಸುಪಾಸು ಹೇಗೂ ಕೊಡಬೇಕು. ಕೂಡಿಸಿ ನೋಡಿದರೆ ಡೆವಲಪರ್‌ಗೆ ಉಳಿದದ್ದು ಸೊನ್ನೆ, ಜೊತೆಗೆ ಲೆಕ್ಕ ಒಪ್ಪಿಸುವ ತಲೆನೋವು.

ಸ್ಮಾರ್ಟ್‌ಫೋನ್ ವೇದಿಕೆಗಳ ಏಕಸ್ವಾಮ್ಯದ ಬಗ್ಗೆ ಹತ್ತು ವರ್ಷಗಳಿಂದ ನಡೆಯುತ್ತಿರುವ ಕಾನೂನು ಜಗಳದ ಗಂಟು ಈ ಲೆಕ್ಕದಲ್ಲೇ ಇದೆ. ಪಾವತಿ ವ್ಯವಸ್ಥೆ ಬಳಸಿದ್ದಕ್ಕೆ ಶುಲ್ಕ ಎಂದಾದರೆ, ಅದನ್ನು ಬಳಸದಿದ್ದಾಗ ಶುಲ್ಕ ಇರಬಾರದು. ಇದೆ ಎಂದಮೇಲೆ ಅದು ಬೇರೆ ಯಾವುದೋ ಬಾಬ್ತಿನದು. ಯಾವ ಬಾಬ್ತು ಎಂದು ಕೇಳಿದಾಗಲೆಲ್ಲ ಬೇರೆ ಬೇರೆ ಉತ್ತರ ಬಂದಿದೆ: ಅಂಗಡಿ ನಡೆಸುವ ಖರ್ಚು, ಪಾವತಿ ಸಂಸ್ಕರಣೆ, ಸುರಕ್ಷತೆಯ ಪರಿಶೀಲನೆ, ಸಾಫ್ಟ್‌ವೇರ್ ಉಪಕರಣಗಳ ಬೆಲೆ, ಬೌದ್ಧಿಕ ಆಸ್ತಿಯ ಪರವಾನಗಿ. ಒಂದು ದೇಶದ ಕಾನೂನು ಒಂದು ಹೆಸರನ್ನು ಹೊಡೆದುಹಾಕಿದರೆ ಮೊತ್ತ ಇನ್ನೊಂದು ಹೆಸರಿನಲ್ಲಿ ಹಾಜರಾಗುತ್ತದೆ.

ಈ ದರ ಹುಟ್ಟಿದ್ದು 2008ರಲ್ಲಿ. ಆ ವರ್ಷದ ಜುಲೈನಲ್ಲಿ ಐನೂರು ಆ್ಯಪ್‌ಗಳೊಂದಿಗೆ ಆ್ಯಪ್ ಸ್ಟೋರ್ ತೆರೆದಾಗ, ಡೆವಲಪರ್‌ಗೆ 70, ಕಂಪನಿಗೆ 30 ಎಂದು ಸ್ಟೀವ್ ಜಾಬ್ಸ್ ಗೊತ್ತುಮಾಡಿದ್ದರು. ಮೊಬೈಲ್ ಕಂಪನಿಗಳು ರಿಂಗ್‌ಟೋನ್‌ಗಳಿಗೂ ಪುಟ್ಟ ಗೇಮ್‌ಗಳಿಗೂ ಸಿಂಹಪಾಲು ಕಿತ್ತುಕೊಳ್ಳುತ್ತಿದ್ದ ಕಾಲ ಅದು. 30 ಆಗ ಉದಾರವಾಗಿಯೇ ಕಂಡಿತು. ಗೂಗಲ್ ಕೂಡ ಅದನ್ನೇ ಅನುಸರಿಸಿತು. ನಂತರ ಫೋನ್‌ಗಳ ಸಂಖ್ಯೆ ಕೋಟಿಗಳಿಂದ ನೂರಾರು ಕೋಟಿಗೆ ಏರಿತು, ಒಂದು ಆ್ಯಪ್ ಇಳಿಸಿಕೊಡುವ ಖರ್ಚು ನೆಲಕಚ್ಚಿತು, ದರ ಮಾತ್ರ ಇದ್ದಲ್ಲೇ ಇತ್ತು. 2011ರಲ್ಲೇ ಆ್ಯಪಲ್‌ನ ಹಿರಿಯ ಅಧಿಕಾರಿ ಫಿಲ್ ಶಿಲ್ಲರ್, ಈ 70/30 ಶಾಶ್ವತವಾಗಿ ಉಳಿಯುತ್ತದೆಯೇ ಎಂದು ಒಳಗಿನ ಇಮೇಲ್‌ನಲ್ಲಿ ಕೇಳಿದ್ದರು. ಸ್ಟೋರ್‌ನ ಲಾಭ ವರ್ಷಕ್ಕೆ ನೂರು ಕೋಟಿ ಡಾಲರ್ ದಾಟಿದ ಮೇಲೆ 25ಕ್ಕೋ 20ಕ್ಕೋ ಇಳಿಸಬಹುದಲ್ಲ ಎಂಬುದು ಅವರ ಸಲಹೆ. ಆ ಇಮೇಲ್ ಹೊರಬಿದ್ದದ್ದು ಹತ್ತು ವರ್ಷಗಳ ನಂತರ, ಎಪಿಕ್ ಮೊಕದ್ದಮೆಯ ವಿಚಾರಣೆಯಲ್ಲಿ. ಅದೇ ವಿಚಾರಣೆಯಲ್ಲಿ ಎಪಿಕ್ ಕರೆತಂದ ತಜ್ಞರು ಸ್ಟೋರ್‌ನ ಕಾರ್ಯಾಚರಣೆಯ ಲಾಭಾಂಶ ಶೇ 75ಕ್ಕೂ ಹೆಚ್ಚೆಂದು ಅಂದಾಜಿಸಿದರು. ಸ್ಟೋರ್‌ನ ಲೆಕ್ಕವನ್ನು ತಾನು ಪ್ರತ್ಯೇಕವಾಗಿ ಇಡುವುದೇ ಇಲ್ಲ ಎಂದು ಆ್ಯಪಲ್ ವಾದಿಸಿತು. ಲೋಕದ ಅತಿ ಶ್ರೀಮಂತ ಕಂಪನಿಗಳಲ್ಲೊಂದು ತನ್ನ ಅಷ್ಟು ದೊಡ್ಡ ವ್ಯವಹಾರದ ಲಾಭ-ನಷ್ಟ ನೋಡುವುದಿಲ್ಲ ಎಂಬುದನ್ನು ನಂಬುವವರು ನಂಬಲಿ.

ಈ ಶುಲ್ಕ ಎಲ್ಲರ ಮೇಲೂ ಬೀಳುವುದಿಲ್ಲ. ಟ್ಯಾಕ್ಸಿ, ಬಟ್ಟೆ, ಊಟ, ವಿಮಾನದ ಟಿಕೆಟ್ ಮಾರುವ ಆ್ಯಪ್‌ಗಳು ಕಮಿಷನ್ ಕೊಡುವುದಿಲ್ಲ. ಫೋನಿನೊಳಗೇ ಬಳಸಿ ಮುಗಿಸುವ ಡಿಜಿಟಲ್ ಸರಕಿಗೆ ಮಾತ್ರ ಅದು ಅನ್ವಯ: ಗೇಮಿನ ನಾಣ್ಯಗಳು, ಸಂಗೀತದ ಚಂದಾ, ಇ-ಪುಸ್ತಕ, ಆನ್‌ಲೈನ್ ಪಾಠ. 2021ರ ತೀರ್ಪಿನ ಪ್ರಕಾರ ಆ್ಯಪ್ ಸ್ಟೋರ್ ಆದಾಯದ ಸುಮಾರು ಶೇ 70 ಬರುವುದು ಗೇಮ್‌ಗಳಿಂದ, ಅದೂ ಗ್ರಾಹಕರಲ್ಲಿ ಶೇ 10ಕ್ಕಿಂತ ಕಡಿಮೆ ಮಂದಿಯ ಜೇಬಿನಿಂದ. ಟ್ಯಾಕ್ಸಿ ಆ್ಯಪ್ ಬಳಸುವುದೂ ಅದೇ ಉಪಕರಣಗಳನ್ನು, ಅದೇ ಪರಿಶೀಲನೆಯನ್ನು. ಬೌದ್ಧಿಕ ಆಸ್ತಿಯ ಬಾಡಿಗೆ ಎಂಬ ವಾದ ಇಲ್ಲಿ ಸೊರಗುತ್ತದೆ. ಬಾಡಿಗೆಯಾದರೆ ಎಲ್ಲ ಬಾಡಿಗೆದಾರರೂ ಕೊಡಬೇಕಿತ್ತು.

ದೊಡ್ಡವರಿಗೆ ರಿಯಾಯಿತಿಯೂ ಉಂಟು. 2020ರ ಜುಲೈನಲ್ಲಿ ಅಮೆರಿಕದ ಸಂಸದೀಯ ಸಮಿತಿಯ ಮುಂದೆ, ಆಗ ಆ್ಯಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್, ತಾವು ಎಲ್ಲ ಡೆವಲಪರ್‌ಗಳನ್ನೂ ಸಮಾನವಾಗಿ ಕಾಣುತ್ತೇವೆ ಎಂದರು. ಅಮೆಜಾನ್‌ನ ಪ್ರೈಮ್ ವಿಡಿಯೊ ಆ್ಯಪ್‌ಗೆ 15 ಪರ್ಸೆಂಟ್ ದರ ಕೊಡುವ 2016ರ ಮಾತುಕತೆಯ ಇಮೇಲ್‌ಗಳನ್ನು ಅದೇ ಸಮಿತಿ ಬಯಲು ಮಾಡಿತು. ಗೂಗಲ್ ಕಡೆಯ ಕಥೆ ಇನ್ನೂ ಸ್ವಾರಸ್ಯಕರ. ಸಂಗೀತದ ಆ್ಯಪ್ ಸ್ಪಾಟಿಫೈ ತನ್ನದೇ ಪಾವತಿ ವ್ಯವಸ್ಥೆ ಬಳಸಿದರೆ ಗೂಗಲ್‌ಗೆ ಏನೂ ಕೊಡಬೇಕಿಲ್ಲ, ಗೂಗಲ್‌ನದನ್ನು ಬಳಸಿದರೆ 4 ಪರ್ಸೆಂಟ್ ಎಂದು 2023ರಲ್ಲಿ ಗೂಗಲ್‌ನ ಅಧಿಕಾರಿಯೇ ಕೋರ್ಟಿನಲ್ಲಿ ಹೇಳಬೇಕಾಯಿತು. ಮೂವತ್ತು ಎಂಬುದು ಚೌಕಾಸಿ ಮಾಡುವ ಶಕ್ತಿ ಇಲ್ಲದವರ ದರ.

ಸಣ್ಣವರಿಗೂ ಈಗ ಸ್ವಲ್ಪ ಉಸಿರಾಡಲು ಜಾಗ ಸಿಕ್ಕಿದೆ. ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗಿಂತ ಕಡಿಮೆ ಗಳಿಸುವವರಿಗೆ ಆ್ಯಪಲ್ 2021ರ ಜನವರಿಯಿಂದ 15 ಪರ್ಸೆಂಟ್ ಮಾಡಿತು. ಎಲ್ಲರ ಮೊದಲ ಹತ್ತು ಲಕ್ಷಕ್ಕೆ ಗೂಗಲ್ ಅದೇ ವರ್ಷದ ಜುಲೈನಿಂದ ಅಷ್ಟೇ ದರ ಮಾಡಿತು. ಎರಡೂ ಬಂದದ್ದು ಮೊಕದ್ದಮೆಗಳು ಬಿದ್ದ ಮೇಲೆ ಎನ್ನುವುದನ್ನು ಮರೆಯಬಾರದು.

ಆ ಮೊಕದ್ದಮೆಗಳ ಕಥೆಗೆ ಬರೋಣ. 2020ರ ಆಗಸ್ಟ್ 13ರಂದು ಎಪಿಕ್ ತನ್ನ ಜನಪ್ರಿಯ ಗೇಮ್ ಫೋರ್ಟ್‌ನೈಟ್‌ನಲ್ಲಿ ನೇರ ಪಾವತಿಯ ಗುಂಡಿ ಇಟ್ಟು, ಅಲ್ಲಿ ಕೊಂಡವರಿಗೆ 20 ಪರ್ಸೆಂಟ್ ಅಗ್ಗ ಎಂದಿತು. ಅಂದೇ ಎರಡೂ ಸ್ಟೋರ್‌ಗಳು ಗೇಮನ್ನು ಕಿತ್ತುಹಾಕಿದವು. ಎಪಿಕ್ ಅಂದೇ ಎರಡೂ ಕಂಪನಿಗಳ ಮೇಲೆ ದಾವೆ ಹೂಡಿತು. ಅರ್ಜಿಗಳು ಮೊದಲೇ ಸಿದ್ಧವಿದ್ದವು ಎಂದು ಊಹಿಸಲು ಜಾಣತನ ಬೇಕಿಲ್ಲ. ವಿಚಿತ್ರವೆಂದರೆ ಫಲಿತಾಂಶ. ಹೊರಗಿನ ಸ್ಟೋರ್‌ಗೆ ಬಾಗಿಲನ್ನೇ ಇಡದ ಆ್ಯಪಲ್ ಹತ್ತು ಆರೋಪಗಳಲ್ಲಿ ಒಂಬತ್ತನ್ನು ಗೆದ್ದಿತು. ಬೇರೆಡೆಯಿಂದ ಆ್ಯಪ್ ಹಾಕಿಕೊಳ್ಳಲು ಅವಕಾಶ ಕೊಡುವ ಗೂಗಲ್, 2023ರ ಡಿಸೆಂಬರ್‌ನಲ್ಲಿ ಜ್ಯೂರಿಯ ಒಮ್ಮತದ ತೀರ್ಪಿನಲ್ಲಿ ಸೋತಿತು.

ಹೀಗಾಗಲು ಕಾರಣಗಳಿವೆ. ಒಂದನ್ನು ನ್ಯಾಯಾಧೀಶೆ ಇವಾನ್ ಗೊನ್ಸಾಲೆಸ್ ರಾಜರ್ಸ್ ಒಬ್ಬರೇ ತೀರ್ಮಾನಿಸಿದರು, ಇನ್ನೊಂದು ಜ್ಯೂರಿಯ ಮುಂದೆ ಹೋಯಿತು ಎಂಬುದು ಮೇಲ್ನೋಟದ ಕಾರಣ. ಒಳಗಿನದು, ಮಾರುಕಟ್ಟೆಯ ಗಡಿ ಎಲ್ಲಿ ಎಳೆಯಬೇಕು ಎಂಬ ಪ್ರಶ್ನೆ. ಐಫೋನ್‌ನ ಆ್ಯಪ್‌ಗಳೇ ಒಂದು ಪ್ರತ್ಯೇಕ ಮಾರುಕಟ್ಟೆ ಎಂದು ಎಪಿಕ್ ವಾದಿಸಿತು; ನ್ಯಾಯಾಧೀಶೆ ಅದನ್ನು ಒಪ್ಪದೆ ‘ಮೊಬೈಲ್ ಗೇಮ್‌ಗಳ ಡಿಜಿಟಲ್ ವ್ಯವಹಾರ’ ಎಂಬ ಗಡಿ ಎಳೆದರು. ಆ ಬಯಲಿನಲ್ಲಿ ಆ್ಯಪಲ್ ಜೊತೆ ಗೂಗಲ್ ಕೂಡ ಇದೆ, ಹಾಗಾಗಿ ಏಕಸ್ವಾಮ್ಯ ಸಾಬೀತಾಗಲಿಲ್ಲ. ಗೂಗಲ್ ಪ್ರಕರಣದ ಜ್ಯೂರಿ ಆಂಡ್ರಾಯ್ಡ್ ಒಂದನ್ನೇ ಮಾರುಕಟ್ಟೆ ಎಂದು ಪರಿಗಣಿಸಿತು. ಅಲ್ಲಿ ಗೂಗಲ್ ಅಲ್ಲದೆ ಇನ್ಯಾರಿದ್ದಾರೆ?

ಇದಕ್ಕಿಂತ ಮುಖ್ಯವಾದದ್ದು ಕಾಗದಪತ್ರ. ಆ್ಯಪಲ್ ಫೋನನ್ನೂ ಆಪರೇಟಿಂಗ್ ಸಿಸ್ಟಮನ್ನೂ ಅಂಗಡಿಯನ್ನೂ ತಾನೇ ಮಾಡುತ್ತದೆ; ಯಾರೊಂದಿಗೂ ಒಪ್ಪಂದ ಮಾಡಿಕೊಳ್ಳಬೇಕಿಲ್ಲ, ಬೀಗ ಹಾಕಿದರೆ ಸಾಕು. ಆಂಡ್ರಾಯ್ಡ್ ಫೋನ್ ಮಾಡುವವರು ಬೇರೆಯವರು. ಅವರು ಎದುರಾಳಿ ಸ್ಟೋರ್ ತೆರೆಯದಂತೆ, ದೊಡ್ಡ ಗೇಮ್ ಕಂಪನಿಗಳು ಪ್ಲೇ ಸ್ಟೋರ್ ಬಿಟ್ಟು ಹೋಗದಂತೆ ಗೂಗಲ್ ಹಣ ಹಂಚಬೇಕಾಯಿತು. ಗೇಮ್ ಕಂಪನಿಗಳಿಗೆ ಹಣ ಕೊಡುವ ಯೋಜನೆಗೆ ಒಳಗೆ ಇಟ್ಟಿದ್ದ ಹೆಸರು ‘ಪ್ರಾಜೆಕ್ಟ್ ಹಗ್’, ಅಪ್ಪುಗೆ. ಪ್ರತಿ ಅಪ್ಪುಗೆಯೂ ಒಂದು ಒಪ್ಪಂದ, ಪ್ರತಿ ಒಪ್ಪಂದವೂ ಒಂದು ಸಾಕ್ಷಿ. ಏಕಸ್ವಾಮ್ಯ ವಿರೋಧಿ ಕಾನೂನು ಇಬ್ಬರ ನಡುವಿನ ಒಳಒಪ್ಪಂದವನ್ನು ಬೇಗ ಹಿಡಿಯುತ್ತದೆ, ಒಬ್ಬನೇ ತನ್ನ ಬಾಗಿಲು ಮುಚ್ಚಿಕೊಂಡರೆ ತಡವರಿಸುತ್ತದೆ. ಅರ್ಧ ತೆರೆದವನಿಗೆ ಶಿಕ್ಷೆ, ಪೂರ್ತಿ ಮುಚ್ಚಿದವನಿಗೆ ರಕ್ಷೆ ಎಂಬಂತಹ ಫಲಿತಾಂಶವನ್ನು ಯಾವ ಶಾಸಕನೂ ಬಯಸಿ ಬರೆದಿರಲಾರ. ಒಂದು ನೂರು ವರ್ಷಕ್ಕೂ ಹಳೆಯದಾದ ಕಾನೂನನ್ನು ಫೋನಿಗೆ ಅನ್ವಯಿಸಿದಾಗ ಅದು ಹೀಗೆ ಬಂದಿದೆ.

ಆ್ಯಪಲ್ ಸೋತ ಆ ಒಂದೇ ಆರೋಪ, ಗ್ರಾಹಕನಿಗೆ ಬೇರೆ ದಾರಿ ತೋರಿಸಬಾರದೆಂಬ ನಿಯಮದ್ದು. ಸ್ಪಾಟಿಫೈ ಒಂದು ಕಾಲದಲ್ಲಿ ವೆಬ್‌ಸೈಟಿನಲ್ಲಿ 9.99 ಡಾಲರ್‌ಗೆ ಮಾರುತ್ತಿದ್ದ ಚಂದಾವನ್ನು ಐಫೋನ್ ಆ್ಯಪ್‌ನಲ್ಲಿ 12.99ಕ್ಕೆ ಮಾರುತ್ತಿತ್ತು. ಆ ವ್ಯತ್ಯಾಸವನ್ನು ಆ್ಯಪ್‌ನೊಳಗೆ ಹೇಳುವಂತಿರಲಿಲ್ಲ. ಕಮಿಷನ್‌ಗಿಂತ ಇದು ಹೆಚ್ಚು ಹಾನಿಕರ ಎಂದು ನನ್ನ ಅನಿಸಿಕೆ. ದರ ಜಾಸ್ತಿ ಎನ್ನುವುದು ವ್ಯಾಪಾರದ ಮಾತು. ಅಗ್ಗದ ದರ ಎಲ್ಲಿದೆ ಎಂದು ಹೇಳಬಾರದೆನ್ನುವುದು ಬಾಯಿಗೆ ಬೀಗ.

ಆ ಬೀಗ ತೆಗೆಯಲು ಕೋರ್ಟು ಹೇಳಿದ ಮೇಲೆ ಆ್ಯಪಲ್‌ನೊಳಗೆ ಏನು ನಡೆಯಿತು ಎಂಬುದು 2025ರ ಏಪ್ರಿಲ್ 30ರ ನ್ಯಾಯಾಂಗ ನಿಂದನೆಯ ಆದೇಶದಲ್ಲಿ ದಾಖಲಾಗಿದೆ. ಎಂಬತ್ತು ಪುಟದ ಆ ಆದೇಶದಲ್ಲಿ ಒಂದು ಸಣ್ಣ ಪ್ರಸಂಗ ಬರುತ್ತದೆ. ಹೊರಗಿನ ಲಿಂಕ್ ಒತ್ತಿದವರಿಗೆ ತೋರಿಸುವ ಎಚ್ಚರಿಕೆಯ ಪರದೆಯ ಮಾತುಗಳನ್ನು ಸಿಬ್ಬಂದಿ ಹೊಂದಿಸುತ್ತಿದ್ದಾರೆ. ‘ಹೊರಗಿನ ವೆಬ್‌ಸೈಟ್’ ಎಂದು ಹಾಕೋಣ, ಕೇಳಲು ಹೆದರಿಕೆಯಾಗುವಂತಿದೆ, ಮೇಲಿನವರಿಗೆ ಬಹಳ ಇಷ್ಟವಾಗುತ್ತದೆ ಎಂಬರ್ಥದ ಸಂದೇಶ ಒಬ್ಬರದು. ಲಿಂಕ್ ಗುಂಡಿಯಂತೆ ಕಾಣಬಾರದು, ಬರೀ ಅಕ್ಷರ ಇರಬೇಕು; ಆ್ಯಪ್‌ನಲ್ಲಿ ಒಂದೇ ಕಡೆ ಇರಬೇಕು; ಖರೀದಿಯ ಹಂತದಲ್ಲಿ ಕಾಣಿಸಲೇಬಾರದು ಎಂಬ ನಿಯಮಗಳೂ ಸೇರಿಕೊಂಡವು. 2024ರ ಮೇ ಹೊತ್ತಿಗೆ ಸುಮಾರು 1,36,000 ಡೆವಲಪರ್‌ಗಳಲ್ಲಿ ಲಿಂಕ್‌ಗಾಗಿ ಅರ್ಜಿ ಹಾಕಿದವರು 34 ಮಂದಿ. ಅವರಲ್ಲಿ 17 ಮಂದಿಯ ಆ್ಯಪ್‌ಗಳಲ್ಲಿ ಮಾರಾಟಕ್ಕೆ ಏನೂ ಇರಲಿಲ್ಲ.

ನ್ಯಾಯಾಧೀಶೆ ರೇಗಿದರು. ಕಂಪನಿಯ ಹಣಕಾಸು ಉಪಾಧ್ಯಕ್ಷರೊಬ್ಬರು ಪ್ರಮಾಣ ಮಾಡಿ ಸುಳ್ಳು ಹೇಳಿದ್ದಾರೆ ಎಂದು ಬರೆದರು. ಆದೇಶ ಪಾಲಿಸಬೇಕೆಂದು ಹೇಳಿದ್ದ ಶಿಲ್ಲರ್ ಮಾತನ್ನು ಕುಕ್ ಕೇಳಲಿಲ್ಲ ಎಂದೂ ಬರೆದರು. 2011ರ ಇಮೇಲ್‌ನ ಶಿಲ್ಲರ್ ಇವರೇ. ಕಂಪನಿಯೊಳಗೆ ಎರಡು ಸಲ ಸರಿಯಾದದ್ದನ್ನು ಹೇಳಿ ಎರಡು ಸಲವೂ ಸೋತ ಮನುಷ್ಯ. ಹೊರಗಿನ ಲಿಂಕ್‌ಗಳ ಮೇಲೆ ಕಮಿಷನ್ ಇನ್ನು ಸೊನ್ನೆ ಎಂದು ಆದೇಶವಾಯಿತು. ಕೆಲವೇ ದಿನಗಳಲ್ಲಿ ಅಮೆರಿಕದ ಐಫೋನ್‌ಗಳ ಕಿಂಡಲ್ ಆ್ಯಪ್‌ನಲ್ಲಿ ಪುಸ್ತಕ ಕೊಳ್ಳಲು ಒಂದು ಗುಂಡಿ ಕಾಣಿಸಿಕೊಂಡಿತು. ಪುಸ್ತಕ ಮಾರುವ ಕಂಪನಿಯ ಆ್ಯಪ್‌ನಲ್ಲಿ ಪುಸ್ತಕ ಕೊಳ್ಳಲು ಗುಂಡಿಯೇ ಇಲ್ಲದ್ದನ್ನು ಓದುಗರು ವರ್ಷಗಟ್ಟಲೆ ಸಹಜವೆಂದು ಒಪ್ಪಿಕೊಂಡಿದ್ದರು.

ಬೇರೆ ದೇಶಗಳ ಅನುಭವ ‘ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ’ ಎಂಬ ಗಾದೆಗೆ ಸರಿಯಾಗಿದೆ. ದಕ್ಷಿಣ ಕೊರಿಯಾ 2021ರ ಆಗಸ್ಟ್‌ನಲ್ಲಿ ಈ ವಿಷಯದಲ್ಲಿ ಕಾನೂನು ಮಾಡಿದ ಮೊದಲ ದೇಶವಾಯಿತು: ಸ್ಟೋರ್‌ನ ಪಾವತಿ ವ್ಯವಸ್ಥೆಯನ್ನೇ ಬಳಸಬೇಕೆಂದು ಒತ್ತಾಯಿಸುವಂತಿಲ್ಲ. ಒತ್ತಾಯ ಹೋಯಿತು, 26 ಪರ್ಸೆಂಟ್ ಬಂತು. ನೆದರ್ಲೆಂಡ್ಸ್‌ನ ಸ್ಪರ್ಧಾ ಪ್ರಾಧಿಕಾರ ಡೇಟಿಂಗ್ ಆ್ಯಪ್‌ಗಳಿಗೆ ಬೇರೆ ಪಾವತಿ ದಾರಿ ಬಿಡಬೇಕೆಂದು ಹೇಳಿ, 2022ರಲ್ಲಿ ಆ್ಯಪಲ್‌ಗೆ ವಾರಕ್ಕೆ 50 ಲಕ್ಷ ಯೂರೊದಂತೆ ಒಟ್ಟು 5 ಕೋಟಿ ಯೂರೊ ದಂಡ ಹಾಕಿತು. ಅಲ್ಲಿ ಬಂದದ್ದು 27.

ಯುರೋಪಿಯನ್ ಒಕ್ಕೂಟ ಈ ಆಟವನ್ನು ನೋಡಿಯೇ ಬೇರೆ ದಾರಿ ಹಿಡಿಯಿತು. ತಪ್ಪು ನಡೆದ ಮೇಲೆ ವರ್ಷಗಟ್ಟಲೆ ತನಿಖೆ ಮಾಡುವ ಬದಲು, ಹೆಬ್ಬಾಗಿಲು ಕಾಯುವಷ್ಟು ದೊಡ್ಡ ಕಂಪನಿಗಳನ್ನು ಮೊದಲೇ ಹೆಸರಿಸಿ, ಮಾಡಬಾರದ್ದನ್ನು ಮೊದಲೇ ಬರೆದಿಟ್ಟಿತು. ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಎಂಬ ಈ ಕಾನೂನಿನ ಪಾಲನೆ 2024ರ ಮಾರ್ಚ್ 7ರಿಂದ ಕಡ್ಡಾಯವಾಯಿತು. ತಪ್ಪಿದರೆ ಜಾಗತಿಕ ವಹಿವಾಟಿನ ಶೇ 10ರವರೆಗೆ ದಂಡ. ಆ್ಯಪಲ್ ಇತರ ಸ್ಟೋರ್‌ಗಳಿಗೆ ಬಾಗಿಲು ತೆರೆಯಲೇಬೇಕಾಯಿತು. ತೆರೆದು, ಹೊಸ್ತಿಲಿಗೊಂದು ಶುಲ್ಕ ಇಟ್ಟಿತು. ವರ್ಷಕ್ಕೆ ಹತ್ತು ಲಕ್ಷ ಇನ್‌ಸ್ಟಾಲ್ ದಾಟಿದ ಮೇಲೆ ಪ್ರತಿಯೊಂದಕ್ಕೂ ಅರ್ಧ ಯೂರೊ, ಅದರ ಹೆಸರು ‘ಕೋರ್ ಟೆಕ್ನಾಲಜಿ ಫೀ’. ಇಪ್ಪತ್ತು ಲಕ್ಷ ಜನ ಹಾಕಿಕೊಂಡ ಒಂದು ಪುಕ್ಕಟೆ ಆ್ಯಪ್ ಊಹಿಸಿಕೊಳ್ಳಿ. ಮೊದಲು ಬಂದ ನಿಯಮದಂತೆ, ಒಂದು ಕಾಸೂ ಗಳಿಸದ ಅದರ ಮಾಲೀಕ ವರ್ಷಕ್ಕೆ ಐದು ಲಕ್ಷ ಯೂರೊ ಕಟ್ಟಬೇಕಿತ್ತು. ಹೊಸ ವ್ಯವಸ್ಥೆಗೆ ಕಾಲಿಡದೆ ಹಳೆಯದರಲ್ಲೇ ಉಳಿದರೆ ಈ ಶುಲ್ಕ ಇರಲಿಲ್ಲ. ಬಹುತೇಕರು ಉಳಿದರು.

2025ರ ಏಪ್ರಿಲ್‌ನಲ್ಲಿ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ ಆ್ಯಪಲ್‌ಗೆ 50 ಕೋಟಿ ಯೂರೊ ದಂಡ ವಿಧಿಸಿತು. ಜೂನ್‌ನಲ್ಲಿ ಆ್ಯಪಲ್ ಮತ್ತೆ ದರಪಟ್ಟಿ ಬದಲಿಸಿತು: ಹೊಸ ಗ್ರಾಹಕನನ್ನು ತಂದುಕೊಟ್ಟದ್ದಕ್ಕೆ 2 ಪರ್ಸೆಂಟ್, ಸ್ಟೋರ್ ಸೇವೆಗೆ ಹಂತ ನೋಡಿಕೊಂಡು 5 ಅಥವಾ 13, ತಂತ್ರಜ್ಞಾನಕ್ಕೆ 5. ಕೂಡಿಸಿದರೆ ಪೂರ್ತಿ ಸೇವೆ ಬಯಸುವವನಿಗೆ 20. ಗೊಂದಲಮಯ ಎಂದು ಡೆವಲಪರ್‌ಗಳು ಬೈದರು, ಬೈಗುಳ ನ್ಯಾಯವಾದದ್ದೇ. ಆದರೂ ನನಗೆ ಇದರಲ್ಲಿ ಒಂದು ಪ್ರಗತಿ ಕಾಣುತ್ತದೆ. ಒಂದೇ ಉಂಡೆಯಾಗಿದ್ದ ಮೂವತ್ತು ಬಾಬ್ತುವಾರು ಬಿಡಿಬಿಡಿಯಾಯಿತು. ಬಿಡಿಸಿಟ್ಟ ಬಿಲ್ಲನ್ನು ಪ್ರಶ್ನಿಸುವುದು ಸುಲಭ.

ಕಂಪನಿಗಳ ಸುರಕ್ಷತೆಯ ವಾದವನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ. ನಕಲಿ ಬ್ಯಾಂಕ್ ಆ್ಯಪ್, ಸಾಲದ ಆ್ಯಪ್‌ಗಳ ಕಾಟ ನಿಜ; ಅಪರಿಚಿತ ಫೈಲ್ ಹಾಕಿಕೊಂಡು ಖಾತೆ ಖಾಲಿ ಮಾಡಿಕೊಂಡವರು ನಿಜ. ಆದರೆ ಅದೇ ಆ್ಯಪಲ್‌ನ ಮ್ಯಾಕ್ ಕಂಪ್ಯೂಟರ್‌ನಲ್ಲಿ ಎಲ್ಲಿಂದ ಬೇಕಾದರೂ ಸಾಫ್ಟ್‌ವೇರ್ ಹಾಕಿಕೊಳ್ಳಬಹುದು. ಈ ಪ್ರಶ್ನೆ ಎದ್ದಾಗ ಕಂಪನಿಯ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಗಿ ಕೋರ್ಟಿನಲ್ಲಿ, ಮ್ಯಾಕ್‌ನಲ್ಲಿ ಇರುವಷ್ಟು ಮಾಲ್‌ವೇರ್ ತಮಗೆ ಒಪ್ಪಿಗೆಯಲ್ಲ ಎಂದು ಸ್ವಂತ ಸರಕನ್ನೇ ತೆಗಳಿದರು. ಪರಿಶೀಲನೆ ಬೇಕು ಎಂದೇ ಇಟ್ಟುಕೊಳ್ಳೋಣ. ಅದಕ್ಕೆ ಖರ್ಚಾಗುವುದು ಆ್ಯಪ್ ಒಂದಕ್ಕೆ ಇಷ್ಟೆಂದು, ಮಾರಾಟದಲ್ಲಿ ಪಾಲೆಂದಲ್ಲ. ಇನ್ನು ಗೂಗಲ್ 2025ರ ಆಗಸ್ಟ್‌ನಲ್ಲಿ, ಪ್ಲೇ ಸ್ಟೋರ್ ಹೊರಗೆ ಹಂಚುವ ಡೆವಲಪರ್‌ಗಳೂ ತನ್ನ ಬಳಿ ಗುರುತು ದೃಢಪಡಿಸಿಕೊಳ್ಳಬೇಕೆಂದು ಘೋಷಿಸಿತು. ಕೋರ್ಟು ತೆರೆದ ಬಾಗಿಲಿಗೆ ಹೊಸ ಕಾವಲುಗಾರ.

ಭಾರತದಲ್ಲಿ ಮಾರುಕಟ್ಟೆ ಹೆಚ್ಚುಕಡಿಮೆ ಪೂರ್ತಿ ಆಂಡ್ರಾಯ್ಡ್‌ನದು, ಆದ್ದರಿಂದ ಜಗಳವೂ ಮುಖ್ಯವಾಗಿ ಗೂಗಲ್ ಜೊತೆ. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಒಂದೇ ವಾರದಲ್ಲಿ ಎರಡು ದಂಡ ಹಾಕಿತು: ಆಂಡ್ರಾಯ್ಡ್ ಪ್ರಕರಣದಲ್ಲಿ 1,337.76 ಕೋಟಿ ರೂಪಾಯಿ, ಪ್ಲೇ ಸ್ಟೋರ್ ಬಿಲ್ಲಿಂಗ್ ಪ್ರಕರಣದಲ್ಲಿ 936.44 ಕೋಟಿ. ಬಿಲ್ಲಿಂಗ್ ಆದೇಶಕ್ಕೆ ಗೂಗಲ್ ಕೊಟ್ಟ ಉತ್ತರ ಕೊರಿಯಾದ್ದೇ: ಬೇರೆ ಪಾವತಿ ವ್ಯವಸ್ಥೆ ಆರಿಸಿಕೊಳ್ಳಿ, 30 ಇದ್ದವರಿಗೆ 26, 15 ಇದ್ದವರಿಗೆ 11. 2024ರ ಮಾರ್ಚ್ 1ರಂದು, ಶುಲ್ಕ ಕಟ್ಟದ ಕೆಲವು ಭಾರತೀಯ ಕಂಪನಿಗಳ ಆ್ಯಪ್‌ಗಳನ್ನು ಗೂಗಲ್ ಪ್ಲೇ ಸ್ಟೋರ್‌ನಿಂದ ತೆಗೆದುಹಾಕಿತು. ಭಾರತ್ ಮ್ಯಾಟ್ರಿಮೊನಿ, ನೌಕ್ರಿ, ಕುಕು ಎಫ್‌ಎಂ ಅವುಗಳಲ್ಲಿದ್ದವು. ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ಮಧ್ಯೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಮರಳಿದವು. ಕಾನೂನು ಮಾಡಬೇಕಾದ ಕೆಲಸವನ್ನು ಸಚಿವರ ಫೋನು ಮಾಡಿದಾಗ ತಕ್ಷಣ ಖುಷಿಯಾಗುತ್ತದೆ, ಆದರೆ ಸಚಿವರ ಕಿವಿಗೆ ತಲುಪದ ಡೆವಲಪರ್‌ಗೆ ಅದರಿಂದ ಏನು ಸಿಕ್ಕಿತು? 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಬಿಲ್ಲಿಂಗ್ ಪ್ರಕರಣದ ದಂಡವನ್ನು 216.69 ಕೋಟಿಗೆ ಇಳಿಸಿತು.

ಆ್ಯಪಲ್ ವಿರುದ್ಧದ ತನಿಖೆ 2021ರ ಕೊನೆಯಲ್ಲಿ ಶುರುವಾಯಿತು. ಅಲ್ಲಿ ಈಗ ಜಗಳ ದಂಡದ ಅಳತೆಗೋಲಿನ ಮೇಲೆ. ಕಾನೂನಿನ 2023ರ ತಿದ್ದುಪಡಿಯಿಂದ ದಂಡವನ್ನು ಜಾಗತಿಕ ವಹಿವಾಟಿನ ಮೇಲೆ ಲೆಕ್ಕಹಾಕಬಹುದು. ಅದನ್ನು ಆ್ಯಪಲ್ ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದೆ. ಯುರೋಪಿನಂತೆ ಮೊದಲೇ ನಿಯಮ ಹಾಕುವ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚ್‌ನಲ್ಲಿ ಹೊರಬಂತು, 2025 ಮುಗಿಯುವವರೆಗೂ ಸಂಸತ್ತಿನ ಮುಂದೆ ಬರಲಿಲ್ಲ. ಜಪಾನ್ 2024ರ ಜೂನ್‌ನಲ್ಲಿ ಅಂಥದೇ ಕಾನೂನು ಮಾಡಿ 2025ರ ಡಿಸೆಂಬರ್ 18ರಿಂದ ಪೂರ್ತಿ ಜಾರಿಗೆ ತಂದಿತು.

ಇಷ್ಟೆಲ್ಲ ಆದರೂ ‘ಹಾಗಾದರೆ ಎಷ್ಟು ಸರಿ?’ ಎಂಬ ಪ್ರಶ್ನೆಯನ್ನು ಬಹುತೇಕ ಎಲ್ಲರೂ ತಪ್ಪಿಸಿಕೊಂಡಿದ್ದಾರೆ. ಬೆಲೆ ನಿಗದಿ ಕೋರ್ಟಿನ ಕೆಲಸವಲ್ಲ ಎಂಬುದು ಸ್ಪರ್ಧಾ ಕಾನೂನಿನ ಹಳೆಯ ನಂಬಿಕೆ. ಅಡ್ಡಿ ತೆಗೆದರೆ ಸ್ಪರ್ಧೆಯೇ ಬೆಲೆ ಇಳಿಸುತ್ತದೆ ಎಂಬ ವಿಶ್ವಾಸ ಅದರ ಹಿಂದಿದೆ. ಫೋನಿನ ವಿಷಯದಲ್ಲಿ ಆ ವಿಶ್ವಾಸ ಕೈಕೊಟ್ಟಿದೆ. ಹೊರದಾರಿಗೂ ಸುಂಕ ಹಾಕುವ ಅಧಿಕಾರ ಹೆಬ್ಬಾಗಿಲಿನವನ ಕೈಯಲ್ಲೇ ಉಳಿದಾಗ ಸ್ಪರ್ಧೆ ಹುಟ್ಟುವುದಾದರೂ ಹೇಗೆ?

ಈ ಮಡಿಯನ್ನು ಮುರಿದದ್ದು ಬ್ರಿಟನ್ನಿನ ಸ್ಪರ್ಧಾ ಮೇಲ್ಮನವಿ ನ್ಯಾಯಮಂಡಳಿ. ಗ್ರಾಹಕರ ಪರವಾಗಿ ಆ್ಯಪಲ್ ವಿರುದ್ಧ ಹೂಡಿದ್ದ ಸಾಮೂಹಿಕ ದಾವೆಯಲ್ಲಿ ಅದು 2025ರ ಅಕ್ಟೋಬರ್‌ನಲ್ಲಿ ನೇರವಾಗಿ ಅಂಕಿ ಬರೆಯಿತು: ಆ್ಯಪ್ ಹಂಚಿಕೆಗೆ 17.5 ಪರ್ಸೆಂಟ್, ಆ್ಯಪ್‌ನೊಳಗಿನ ಪಾವತಿಗೆ 10 ಪರ್ಸೆಂಟ್. ಅದಕ್ಕಿಂತ ಹೆಚ್ಚು ವಸೂಲಿ ಮಾಡಿದ್ದು ಸ್ಪರ್ಧೆಯಿಲ್ಲದ್ದರ ಲಾಭ. ಆ್ಯಪಲ್ ಒಪ್ಪಿಲ್ಲ. ಅಂಕಿ ಸರಿಯೋ ತಪ್ಪೋ, ಅದನ್ನು ಎದುರಿಟ್ಟುಕೊಂಡು ವಾದಿಸಬಹುದು ಎಂಬುದೇ ದೊಡ್ಡದು. ಮುಂದಿನ ತಿಂಗಳು ಗೂಗಲ್ ಮತ್ತು ಎಪಿಕ್ ರಾಜಿಯ ಪ್ರಸ್ತಾವವನ್ನು ಕೋರ್ಟಿನ ಮುಂದಿಟ್ಟವು. ಅದರಲ್ಲಿ ಕಮಿಷನ್‌ಗೆ 9 ಮತ್ತು 20 ಎಂಬ ಮಿತಿಗಳಿದ್ದವು. ಡಿಸೆಂಬರ್‌ನಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು, ಆ್ಯಪಲ್ ಮೇಲಿನ ನ್ಯಾಯಾಂಗ ನಿಂದನೆಯ ತೀರ್ಮಾನವನ್ನು ಎತ್ತಿಹಿಡಿದರೂ ಸೊನ್ನೆ ಕಮಿಷನ್ ಅತಿಯಾಯಿತು ಎಂದಿತು. ಹೊರಗಿನ ಲಿಂಕ್‌ಗಳಿಗೆ ಆ್ಯಪಲ್ ಎಷ್ಟು ತೆಗೆದುಕೊಳ್ಳಬಹುದು ಎಂಬುದನ್ನು ಗೊತ್ತುಮಾಡಲು ಪ್ರಕರಣ ಮತ್ತೆ ಕೆಳಗಿನ ಕೋರ್ಟಿಗೆ ಬಂತು. ಬೆಲೆ ಕಟ್ಟುವುದು ತನ್ನ ಕೆಲಸವಲ್ಲ ಎನ್ನುವ ಕಾನೂನು ಈಗ ಬೆಲೆ ಕಟ್ಟಲೇಬೇಕಾದ ಜಾಗದಲ್ಲಿ ನಿಂತಿದೆ.

ಕಮಿಷನ್ ಇಳಿದರೆ ಗ್ರಾಹಕನಿಗೆ ಬೆಲೆ ಇಳಿಯುತ್ತದೆಯೇ? ಬಹುಶಃ ಎಲ್ಲ ಕಡೆ ಇಲ್ಲ. ಉಳಿದ ಹಣವನ್ನು ಎಷ್ಟೋ ಡೆವಲಪರ್‌ಗಳು ಇಟ್ಟುಕೊಳ್ಳುತ್ತಾರೆ, ಅದರಲ್ಲೂ ಎದುರಾಳಿಗಳಿಲ್ಲದ ದೊಡ್ಡ ಗೇಮ್ ಕಂಪನಿಗಳು. ಎಪಿಕ್ ಈ ಯುದ್ಧ ಹೂಡಿದ್ದು ಗ್ರಾಹಕರ ಮೇಲಿನ ಕರುಣೆಯಿಂದಲ್ಲ. ತನ್ನದೇ ಸ್ಟೋರ್ ನಡೆಸಿ ಅಲ್ಲಿ 12 ಪರ್ಸೆಂಟ್‌ವರೆಗೆ ತೆಗೆದುಕೊಳ್ಳುವ ಕಂಪನಿ ಅದು. ವ್ಯತ್ಯಾಸ ಹೆಚ್ಚಾಗಿ ಕಾಣುವುದು ಲಾಭದ ಅಂಚು ತೆಳುವಾಗಿರುವ ಕಡೆ: ಪ್ರತಿ ಹಾಡಿಗೂ ಪ್ರತಿ ಪುಸ್ತಕಕ್ಕೂ ಹಕ್ಕುದಾರರಿಗೆ ಪಾಲು ಕೊಡಬೇಕಾದ ಸೇವೆಗಳಲ್ಲಿ, ಮೂವತ್ತು ಹೋದರೆ ಏನೂ ಉಳಿಯದೆ ಗುಂಡಿಯನ್ನೇ ತೆಗೆದಿದ್ದ ಆ್ಯಪ್‌ಗಳಲ್ಲಿ.